ಬುಧವಾರದ ಯಜಮಾನರು

ಕಮಲಾಕರನಿಗೆ ಆ ದಿನ ಒದಗಿದ ಫಜೀತಿಗೆಲ್ಲ ಮೂಲ ಕನ್ನಡ ಅಕ್ಷರಮಾಲೆ. ಅದರಲ್ಲಿ ‘ರ’ ಮೊದಲು ಬರುತ್ತದೆ, ‘ಸ’ ಆಮೇಲೆ ಬರುತ್ತದೆ. ಇದನ್ನು ಬದಲಾಯಿಸುವುದು ಅವನ ಕೈಲಿರಲಿಲ್ಲ. ಕ್ಷಮಿಸುವುದು ಸುಬ್ರಾಯರ ಸ್ವಭಾವದಲ್ಲಿರಲಿಲ್ಲ.

ಮದರಾಸಿನ ಏಳು ಹೋಟೆಲುಗಳ ಯಜಮಾನರಿಗೆ ಅವನು ಏಳು ಪೋಸ್ಟ್‌ಕಾರ್ಡು ಬರೆದಿದ್ದ. ಬುಧವಾರ ಮಧ್ಯಾಹ್ನ ಎರಡೂವರೆಗೆ ಪ್ಯಾರೀಸ್ ಕಾರ್ನರಿನಲ್ಲಿರುವ ಸುಬ್ರಾಯರ ಹೋಟೆಲಿನ ಮಹಡಿಯಲ್ಲಿ ಎಲ್ಲರೂ ದಯಮಾಡಿಸಬೇಕು, ಬರುವವರು ಇಂಥಿಂಥವರು ಎಂದು ಒಕ್ಕಣೆ. ಯಾರಿಗೂ ಬೇಸರವಾಗದಿರಲಿ ಎಂದು ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಿದ್ದ. ಹಾಗಾಗಿ ತಿರುವಲ್ಲಿಕ್ಕೇಣಿಯಲ್ಲಿ ಹೋಟೆಲಿಟ್ಟ, ಸುಬ್ರಾಯರಿಗೆ ಕಂಡರಾಗದ ರಾಮದಾಸರ ಹೆಸರು ಮೇಲೆಯೇ ಉಳಿಯಿತು. ಏಳು ಜನರಲ್ಲಿ ಹಿರಿಯರೂ, ಸಭೆಗೆ ಜಾಗ ಕೊಡುವವರೂ, ಕಾಫಿ ಕೊಡುವವರೂ ಆದ ಸುಬ್ರಾಯರ ಹೆಸರು ಎಲ್ಲಕ್ಕಿಂತ ಕೆಳಗೆ, ಅಂಚೆ ಮುದ್ರೆಯ ಮಸಿ ಬಳಿದುಕೊಂಡು ಕುಳಿತಿತ್ತು.

ಇದು ಸಾವಿರದ ಒಂಬೈನೂರ ಅರವತ್ತೊಂದರ ಮಾತು. ಕಮಲಾಕರನಿಗೆ ಆಗ ಮೂವತ್ತಾರು ವರ್ಷ. ನುಂಗಂಬಾಕ್ಕಂನ ಒಂದು ಹಳೆಯ ಬಂಗಲೆಯ ಮುಂದಿನ ಎರಡು ಕೋಣೆಗಳಲ್ಲಿ ಕೃಷ್ಣರಾಜರು ತೆರೆದಿದ್ದ ಸಲಹಾ ಕಚೇರಿಯಲ್ಲಿ ಅವನು ಸಹಾಯಕ. ಕೃಷ್ಣರಾಜರು ಇಂಗ್ಲೆಂಡಿನಲ್ಲಿ ಓದಿ ಬಂದವರು. ಮನೆಗೆ ಹೇಗೆ ನಕ್ಷೆ ಬೇಕೋ ಹಾಗೆಯೇ ಜನ ಕೂಡಿ ಮಾಡುವ ಕೆಲಸಕ್ಕೂ ನಕ್ಷೆ ಬೇಕು ಎಂಬುದು ಅವರ ವಿದ್ಯೆ. ಯಾವ ಕೆಲಸ ಯಾರದು, ಯಾವ ತೀರ್ಮಾನ ಯಾರದು, ಯಾರು ಯಾರಿಗೆ ಜವಾಬು ಹೇಳಬೇಕು ಎಂಬುದನ್ನು ಚೌಕಗಳಲ್ಲಿ ಬರೆದು ಗೆರೆ ಎಳೆದು ತೋರಿಸುತ್ತಿದ್ದರು. ಇದಕ್ಕೆ ಅವರು ಇಟ್ಟ ಹೆಸರು ‘ಸಂಸ್ಥಾ ವಿನ್ಯಾಸ’.

ಈ ವಿನ್ಯಾಸವನ್ನು ಬಗಲಲ್ಲಿಟ್ಟುಕೊಂಡು ಕಮಲಾಕರ ಹನ್ನೊಂದು ತಿಂಗಳು ಊರೆಲ್ಲ ಅಲೆದಿದ್ದ. ಯಜಮಾನರು ಒಬ್ಬೊಬ್ಬರೂ ಅವನನ್ನು ಕೂರಿಸಿ, ಕಾಫಿ ಕೊಟ್ಟು, “ಬಹಳ ಒಳ್ಳೇದು” ಎಂದು ಹೇಳಿ ಕಳಿಸಿಬಿಟ್ಟಿದ್ದರು. ಕಡೆಗೆ ಕೃಷ್ಣರಾಜರು ಅವನನ್ನು ಕರೆದು ಹೇಳಿದ್ದರು: “ನೋಡಿ ಕಮಲಾಕರ್, ಯಜಮಾನ ಅನ್ನೋನು ಸಂಬಳದವನ ಮಾತು ಕೇಳಲ್ಲ. ಇನ್ನೊಬ್ಬ ಯಜಮಾನ ಹೇಳಿದ್ರೆ ಮಾತ್ರ ಕೇಳ್ತಾನೆ. ಅವರನ್ನೆಲ್ಲ ಒಂದು ಕೋಣೇಲಿ ಕೂರಿಸಿ. ಒಬ್ಬರಿಗೊಬ್ಬರು ಹೇಳಿಕೊಳ್ಳಲಿ. ನೀವು ಸುಮ್ನಿರಿ. ಸಾಯಂಕಾಲ ನಾನೇ ಬರ್ತೀನಿ. ಒಬ್ಬರಾದರೂ ಒಪ್ಪಿಕೊಂಡಿದ್ರೆ ನಿಮ್ಮ ಕೆಲಸ ಖಾಯಂ. ಇಲ್ಲದಿದ್ರೆ...” ಮುಂದಿನದನ್ನು ಹೇಳಲಾರದಷ್ಟು ಸಭ್ಯರು ಅವರು. ಕಿಟಕಿಯ ಆಚೆ ನೋಡಿದರು.

ಆ ದಿನ ಬೆಳಿಗ್ಗೆ ಹೆಂಡತಿ ಸುಮತಿ ತಟ್ಟೆಗೆ ಉಪ್ಪಿಟ್ಟು ಹಾಕುತ್ತಾ, “ರೀ, ಖಾಯಂ ಆಗಿದೆ ಅಂತ ಮೇಲಿನ ಮನೆ ಗೋದಾಬಾಯಿಗೆ ಆಗಲೇ ಹೇಳಿಬಿಟ್ಟಿದ್ದೀನಿ. ಅವರು ಇಡೀ ಬೀದಿಗೆ ಹೇಳಿದ್ದಾರೆ. ನೀವು ಬರೀ ಸಹಿ ಹಾಕಿಸಿಕೊಂಡು ಬನ್ನಿ, ಸಾಕು” ಎಂದಿದ್ದಳು.

ಅವನು ಕಚೇರಿಗೆ ಕಾಲಿಡುವಷ್ಟರಲ್ಲಿ ಟೆಲಿಫೋನು ಹೊಡೆದುಕೊಳ್ಳುತ್ತಿತ್ತು.

“ಕಮಲಾಕರನಾ?” ಆ ಕಡೆಯಿಂದ ಸುಬ್ರಾಯರ ದನಿ. “ಕಾರ್ಡು ಬಂತು ಮಾರಾಯಾ. ಮಹಡಿ ನನ್ನದು, ಕುರ್ಚಿ ನನ್ನದು, ಕಾಫಿ ನನ್ನದು. ಹೆಸರು ಮಾತ್ರ ಎಲ್ಲರ ಕಾಲ ಬುಡದಲ್ಲಿ. ಸಭೆ ಇಲ್ಲ ಇವತ್ತು.”

ಕಮಲಾಕರ ವಿನ್ಯಾಸದ ಚಾರ್ಟಿನ ಸುರುಳಿಯನ್ನು ಎತ್ತಿಕೊಂಡು ಸ್ಟೇಷನ್ನಿಗೆ ಓಡಿದ. ಎಲೆಕ್ಟ್ರಿಕ್ ರೈಲಿನಲ್ಲಿ ಜನವೋ ಜನ. ಬಗಲಲ್ಲಿದ್ದ ಸುರುಳಿ ತಿರುಗಿದ ಕಡೆಯೆಲ್ಲ ಒಬ್ಬೊಬ್ಬರ ಕನ್ನಡಕವನ್ನು ತಟ್ಟುತ್ತಿತ್ತು. ಬೀಚ್ ಸ್ಟೇಷನ್ನಿನಲ್ಲಿ ಇಳಿದು, ಸಗಟು ಅಂಗಡಿಗಳ ಮೂಟೆಗಳ ನಡುವೆ ನುಸುಳಿಕೊಂಡು ಹೋಟೆಲು ಮುಟ್ಟಿದಾಗ ಅವನು ಒದ್ದೆ ಬಟ್ಟೆಯಂತಾಗಿದ್ದ.

“ಅಕಾರಾದಿ ರಾಯರೆ, ಬರೀ ಅಕಾರಾದಿ. ಸ ಅನ್ನೋದು ಕೊನೇಲಿ ಬರತ್ತೆ.”

“ಅದು ನನ್ನ ತಪ್ಪಾ?” ಗಲ್ಲಾದ ಹಿಂದೆ ಕುಳಿತ ಸುಬ್ರಾಯರು ಕೇಳಿದರು. ಅರವತ್ತು ದಾಟಿದ, ತೆಳ್ಳಗಿನ, ಎಂದೂ ನಗದ ಮನುಷ್ಯ. ಈ ಮಾತಿನ ನಡುವೆಯೇ ಒಬ್ಬ ಸಪ್ಲಾಯರು ಬಂದು ಬಾಳೆಲೆ ಎಷ್ಟು ತೆಗೆಯಬೇಕೆಂದು ಕೇಳಿದ, ಇನ್ನೊಬ್ಬ ಮುರಿದ ಬೆಂಚಿನ ಸುದ್ದಿ ತಂದ, ಮೂರನೆಯವನು ತೆಂಗಿನಕಾಯಿ ತೋರಿಸಿ ಒಡೆಯಲೋ ಬೇಡವೋ ಎಂದ. ಮೂವರಿಗೂ ಜವಾಬು ಕೊಟ್ಟು ಅವರು ತಿರುಗಿದರು. “ಸರಿ. ಮೇಜಿನ ತಲೆಕಡೆಯ ಕುರ್ಚಿ ನನಗೆ. ಹಾಗಾದರೆ ಸಭೆ ಉಂಟು.”

“ಖಂಡಿತ ರಾಯರೆ!”

ಕಮಲಾಕರ ಮಹಡಿ ಹತ್ತಿ, ಅಮೃತಶಿಲೆಯ ಮೇಜುಗಳನ್ನು ಉದ್ದಕ್ಕೆ ಜೋಡಿಸಿ, ತಲೆಕಡೆಗೆ ಕೈಯುಳ್ಳ ಕುರ್ಚಿಯೊಂದನ್ನು ಇಟ್ಟ. ಒಂದು ಗಂಟೆ ಮುಂಚಿತವಾಗಿಯೇ ಬಂದ ರಾಮದಾಸರು ಬಾಗಿಲಲ್ಲೇ ನಿಂತು ಆ ಕುರ್ಚಿಯನ್ನು ನೋಡಿದರು. ಅವರು ದಪ್ಪಗಿನ ಆಳು, ಮಾತು ಮಾತ್ರ ಬಹಳ ಮೆತ್ತಗೆ.

“ಅದು ಯಾರಿಗೆ?”

“ಸುಬ್ರಾಯರಿಗೆ.”

“ಹೌದಾ. ಪರವಾಗಿಲ್ಲ. ನಾನು ಹೊರಟೆ.”

ಅವರನ್ನು ಮೆಟ್ಟಿಲಿನಿಂದ ಹಿಂದಕ್ಕೆ ಕರೆತರುವಷ್ಟರಲ್ಲಿ ಗಿಂಡಿಯಿಂದ ವಿಷ್ಣುಮೂರ್ತಿ ಬಂದರು. ಕೈಗಾರಿಕಾ ಎಸ್ಟೇಟಿನಲ್ಲಿ ಮೂರು ಕ್ಯಾಂಟೀನು ನಡೆಸುವ ಈತ ಏಳು ಜನರಲ್ಲಿ ಕಿರಿಯರು. ಎಲ್ಲ ತೊಡಕಿಗೂ ಅವರ ಜೇಬಿನಲ್ಲಿ ಒಂದು ಉಪಾಯ ಇರುತ್ತಿತ್ತು. “ಎಂತಕ್ಕೆ ಜಗಳ? ಮೇಜನ್ನೆಲ್ಲ ದುಂಡಗೆ ಇಡುವ. ದುಂಡಗಿದ್ದದ್ದಕ್ಕೆ ತಲೆಯೂ ಇಲ್ಲ, ಬಾಲವೂ ಇಲ್ಲ.”

ಯಾರಿಗೂ ತಲೆಕಡೆ ಇಲ್ಲವೆಂದ ಮೇಲೆ ಸುಬ್ರಾಯರೂ ಒಪ್ಪಿದರು. ಚೌಕ ಮೇಜುಗಳು ದುಂಡಗಾಗಲಿಲ್ಲ, ಬಾವಿಕಟ್ಟೆಯಾದವು. ನಡುವೆ ಒಂದು ಹೊಂಡ ಉಳಿಯಿತು. ಏಳೂ ಜನರಿಗೆ ಚಾರ್ಟು ಕಾಣಬೇಕಾದರೆ ಅದನ್ನು ಹಿಡಿದವನು ಆ ಹೊಂಡದಲ್ಲಿಯೇ ನಿಂತು ಸುತ್ತಬೇಕು ಎಂದು ವಿಷ್ಣುಮೂರ್ತಿ ಲೆಕ್ಕ ಹಾಕಿದರು. ಎರಡೂವರೆಗೆ ಸರಿಯಾಗಿ, ಇಸ್ತ್ರಿ ಮಾಡಿದ ಷರಟು, ಕೊರಳಿಗೆ ಟೈ ಧರಿಸಿದ್ದ ಕಮಲಾಕರ ಮೇಜಿನ ಕೆಳಗೆ ಅಂಬೆಗಾಲಿಟ್ಟು ತೂರಿ ನಡುವೆ ಎದ್ದು ನಿಂತ. ಏಳು ಯಜಮಾನರು ಬಾವಿಯೊಳಗೆ ಬಿದ್ದ ಕೊಡವನ್ನು ನೋಡುವವರಂತೆ ಅವನನ್ನು ನೋಡಿದರು.

ಅವನು ಚಾರ್ಟು ಬಿಚ್ಚಿದ. ರಾಮದಾಸರು ಕನ್ನಡಕ ಏರಿಸಿದರು.

“ಯಾರ ಜಾತಕ?”

“ಜಾತಕ ಅಲ್ಲ ರಾಯರೆ. ಒಂದು ಹೋಟೆಲಿನ ವಿನ್ಯಾಸ. ಈ ಚೌಕಗಳು...”

“ಹೋಟೆಲಿನ ಜಾತಕ ಅನ್ನಿ! ಶನಿ ಎಲ್ಲಿದ್ದಾನೆ?”

“ಶನಿ ಇಲ್ಲ.”

“ಶನಿ ಇಲ್ಲದೆ ಹೋಟೆಲು ಎಲ್ಲಿ ನಡೆಯುತ್ತದೆ ಮಾರಾಯಾ? ಇದು ಸರಿಯಾಗಿ ಗುಣಿಸಿದ್ದಲ್ಲ.” ಉಳಿದವರು ಗಂಭೀರವಾಗಿ ತಲೆಯಾಡಿಸಿದರು.

ಕಮಲಾಕರ ಬೆವರು ಒರೆಸಿಕೊಂಡು ಸುತ್ತುತ್ತಲೇ ವಿವರಿಸಿದ. ಎಲ್ಲ ತೀರ್ಮಾನವೂ ಒಬ್ಬರ ತಲೆಯ ಮೇಲೆಯೇ ಬೀಳಬಾರದು, ಕೆಳಗಿನವರಿಗೆ ಹಂಚಬೇಕು. ಹಾಗೆಯೇ ಕೆಲಸ ಮಾಡುವವನಿಗೆ ಅಪ್ಪಣೆ ಕೊಡುವವರು ಒಬ್ಬರೇ ಇರಬೇಕು. ಒಂದು ಚೌಕಕ್ಕೆ ಮೇಲಿನಿಂದ ಒಂದೇ ಗೆರೆ. ಎರಡು ಗೆರೆ ಬಂದರೆ ಆ ಮನುಷ್ಯ ಕೆಟ್ಟ, ಕೆಲಸವೂ ಕೆಟ್ಟಿತು. ಯಜಮಾನರು ಕೇಳಿದರು. ವಿಮಾ ಏಜೆಂಟರ ಮಾತನ್ನು ಜನ ಹೇಗೆ ಕೇಳುತ್ತಾರೋ ಹಾಗೆ. ಒಬ್ಬರ ಕಣ್ಣು ಆಗಲೇ ಮುಚ್ಚಿತ್ತು.

ಆಗ ಅವನಿಗೆ ಕೃಷ್ಣರಾಜರ ಮಾತು ನೆನಪಾಯಿತು. ಅವನು ವಿವರಣೆ ನಿಲ್ಲಿಸಿ, “ರಾಮದಾಸರೆ, ಸುಬ್ರಾಯರ ಹೋಟೆಲಲ್ಲಿ ತೀರ್ಮಾನ ಎಲ್ಲ ಯಾರದು? ನೀವು ಹೇಳಿ” ಎಂದು ಕೇಳಿದ.

ನಿದ್ದೆ ಹೋಗಿದ್ದವರಿಗೂ ಎಚ್ಚರವಾಯಿತು. ರಾಮದಾಸರು ಮೆತ್ತಗೆ ಶುರು ಮಾಡಿದರು. “ಹೇಳಬಾರದು, ಆದರೂ ಕೇಳಿದರು ಅಂತ ಹೇಳ್ತೇನೆ. ಇವರಲ್ಲಿ ಕರಿಬೇವು ಕೀಳ್ಲಿಕ್ಕೂ ಇವರ ಅಪ್ಪಣೆ ಬೇಕು. ಹೋದ ವರ್ಷ ಇವರಿಗೆ ಜ್ವರ ಬಂದು ಹೋಟೆಲು ನಾಲ್ಕು ದಿನ ಮುಚ್ಚಿತು. ಬಾಗಿಲಿಗೆ ‘ಸುಣ್ಣ ಬಳಿಯುತ್ತಿದೆ’ ಅಂತ ಬೋರ್ಡು ಹಾಕಿದ್ರು.”

“ನಿನ್ನದು ನೋಡಿಕೋ!” ಸುಬ್ರಾಯರು ಎದ್ದು ನಿಂತರು. “ನಿನ್ನ ಹೋಟೆಲಲ್ಲಿ ನೀನೊಂದು ಹೇಳ್ತೀ, ನಿನ್ನ ತಮ್ಮ ಒಂದು ಹೇಳ್ತಾನೆ, ನಿನ್ನ ಭಾವ ಇನ್ನೊಂದು ಹೇಳ್ತಾನೆ. ಸಪ್ಲಾಯರು ಕೈಯಲ್ಲಿ ದೋಸೆ ಹಿಡ್ಕೊಂಡು ನಡುಮನೆಯಲ್ಲಿ ಅಳ್ತಾ ನಿಂತದ್ದು ನಾನೇ ಕಂಡಿದ್ದೇನೆ.”

“ಗಿಂಡಿಯಲ್ಲಿ ಹಾಗೆಲ್ಲ ಇಲ್ಲ, ಸಿಸ್ಟಂ ಉಂಟು,” ಎಂದು ವಿಷ್ಣುಮೂರ್ತಿ ನಡುವೆ ಬಾಯಿ ಹಾಕಿದರು. ಕೂಡಲೆ ಆರೂ ಜನ ಅವರ ಕಡೆ ತಿರುಗಿ, ಅವರ ಸಿಸ್ಟಂ ಏನೆಂಬುದನ್ನು ಅವರಿಗೇ ತಿಳಿಸಿಕೊಟ್ಟರು. ಎಂದೂ ಯಾರಿಗೂ ಹೇಳದ ಮಾತುಗಳು ಬಾವಿಕಟ್ಟೆಯ ಆಚೆಯಿಂದ ಈಚೆಗೆ ಹಾರತೊಡಗಿದವು. ನಡುವೆ ನಿಂತ ಕಮಲಾಕರ ಚಾರ್ಟನ್ನು ಕೊಡೆಯಂತೆ ತಲೆಯ ಮೇಲೆ ಹಿಡಿದುಕೊಂಡ.

ಈ ಗದ್ದಲದಲ್ಲಿ ಗಂಟಲು ಒಣಗಿ ಸುಬ್ರಾಯರು ಮೆಟ್ಟಿಲ ತುದಿಗೆ ಹೋಗಿ, “ಭಟ್ಟರೆ, ಕಾಫಿ ಈಗಲೇ ಕಳಿಸಿ, ಸ್ಟ್ರಾಂಗು!” ಎಂದು ಕೂಗಿದರು. ರಾಮದಾಸರು ಹಿಂದೆಯೇ ಹೋಗಿ, “ಕಾಫಿ ಬೇಡ, ಮೊದಲು ಎಣ್ಣೆಗೆ ಗೋಳಿಬಜೆ ಬಿಡಿ” ಎಂದರು. ವಿಷ್ಣುಮೂರ್ತಿ ಅವರಿಬ್ಬರ ಹೆಗಲ ಮೇಲಿನಿಂದ ಬಗ್ಗಿ, “ಮಾತು ಮುಗಿಯುವ ತನಕ ಏನೂ ಬೇಡ, ನಿಲ್ಲಿಸಿ!” ಎಂದು ಸಾರಿದರು.

ಕಾಲು ಗಂಟೆಯಾಯಿತು. ಏನೂ ಬರಲಿಲ್ಲ. ಕೆಳಗಿನಿಂದ ಗಿರಾಕಿಗಳ ಗುಲ್ಲು ಕೇಳಿಬಂತು. ಆಮೇಲೆ ಮೆಟ್ಟಿಲ ಮೇಲೆ ಭಾರವಾದ ಹೆಜ್ಜೆ. ಮುಖ್ಯ ಅಡಿಗೆಯವರಾದ ಹರಿಹರ ಭಟ್ಟರು ಹೆಗಲ ಬೈರಾಸಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಾಗಿಲಲ್ಲಿ ನಿಂತರು.

“ಒಲೆ ಆರಿಸಿ ಬಂದೆ,” ಎಂದರು.

ಸಂಜೆಯ ತಿಂಡಿಯ ಹೊತ್ತಿಗೆ ಹೋಟೆಲಿನ ಒಲೆ ಆರುವುದೆಂದರೆ ಅವರೆಲ್ಲರಿಗೂ ಅಪಶಕುನ.

“ಮೂವತ್ತು ವರ್ಷ ಈ ಒಲೆಯ ಮುಂದೆ ನಿಂತಿದ್ದೇನೆ,” ಭಟ್ಟರು ದನಿ ಏರಿಸದೆ ಹೇಳಿದರು. “ಉರಿ ಹೆಚ್ಚು ಮಾಡ್ಲಿಕ್ಕೆ ಗೊತ್ತುಂಟು, ಕಡಿಮೆ ಮಾಡ್ಲಿಕ್ಕೆ ಗೊತ್ತುಂಟು. ಮೂವರು ಯಜಮಾನರು ಮೂರು ಹೇಳಿದ್ರೆ ಉರಿಸುವ ಬೆಂಕಿ ನನಗೆ ಗೊತ್ತಿಲ್ಲ. ಯಾರಾದ್ರೂ ಒಬ್ಬರು ಹೇಳಿ. ಅಷ್ಟೇ ನಾನು ಕೇಳುವುದು.”

ಕಮಲಾಕರ ಹನ್ನೊಂದು ತಿಂಗಳಿನಿಂದ ಹೇಳಲು ಹೆಣಗುತ್ತಿದ್ದದ್ದನ್ನು ಭಟ್ಟರು ಒಂದು ನಿಮಿಷದಲ್ಲಿ ಹೇಳಿ ಮುಗಿಸಿದ್ದರು. ರಾಮದಾಸರು ಕನ್ನಡಕ ತೆಗೆದು ಚಾರ್ಟಿನ ಕಡೆಗೆ ನೋಡಿದರು. “ಓಹೋ,” ಎಂದರು. “ಒಂದು ಗೆರೆ ಅಂದರೆ ಇದಾ?”

ಸುಬ್ರಾಯರು ಭಟ್ಟರ ಹತ್ತಿರ ಹೋಗಿ, “ಒಲೆ ಹೊತ್ತಿಸಿ. ಇನ್ನು ಅಡಿಗೆಮನೆಯ ತೀರ್ಮಾನ ನಿಮ್ಮದು. ಕೇಳುವುದಿದ್ದರೆ ನನ್ನೊಬ್ಬನ ಹತ್ತಿರ ಕೇಳಿ. ಕರಿಬೇವಿಗೆಲ್ಲ ಕೇಳಬೇಡಿ” ಎಂದರು. ತಿರುಗಿ ಬಂದು ಕುಳಿತರು. ಈಗ ಅವರ ದನಿ ಬೇರೆಯಾಗಿತ್ತು.

“ರಾಮದಾಸ ಹೇಳಿದ್ದು ನಿಜ. ಆ ಜ್ವರದಲ್ಲಿ ಮಲಗಿದ್ದಾಗ ಮೂವತ್ತು ಜನ ಒಬ್ಬೊಬ್ಬರಾಗಿ ಚಾಪೆಯ ಹತ್ತಿರ ಬಂದ್ರು. ಹೇಗಿದ್ದೀರಿ ಅಂತ ಕೇಳ್ಲಿಕ್ಕಲ್ಲ. ಅಕ್ಕಿ ಎಷ್ಟು ನೆನೆ ಹಾಕಬೇಕು ಅಂತ. ನನಗೆ ಆಗ ಅಳು ಬಂತು. ಈ ಊರಿಗೆ ಬಂದು ಮೂವತ್ತಮೂರು ವರ್ಷ. ಸಮುದ್ರ ಇಲ್ಲಿಂದ ಹತ್ತು ನಿಮಿಷದ ದಾರಿ. ಒಂದು ದಿನ ಸಾಯಂಕಾಲ ಹೋಗಿ ಕೂತದ್ದಿಲ್ಲ. ಹೋದರೆ ಇಲ್ಲಿ ಯಾರಿಗೂ ಏನೂ ಮಾಡ್ಲಿಕ್ಕೆ ಗೊತ್ತಾಗ್ಲಿಕ್ಕಿಲ್ಲ ಅಂತ.”

ಯಜಮಾನರಾಗಿದ್ದ ಆ ಏಳೂ ಜನರಿಗೆ ಅದು ತಮ್ಮ ತಮ್ಮ ಚಾಪೆಯ ಕತೆಯೂ ಆಗಿತ್ತು. ರಾಮದಾಸರು ಕೈ ಚಾಚಿ ಸುಬ್ರಾಯರ ಮೊಣಕೈ ಮುಟ್ಟಿದರು. ಇಪ್ಪತ್ತು ವರ್ಷದಿಂದ ಮುಖ ಕೊಟ್ಟು ಮಾತಾಡದಿದ್ದ ಇಬ್ಬರು ಚಾರ್ಟಿನ ಒಂದೇ ತುದಿಯನ್ನು ಹಿಡಿದು ತಲೆಗೆ ತಲೆ ತಾಗಿಸಿಕೊಂಡು ಓದತೊಡಗಿದರು. ಕಾಫಿ ಬಂತು. ಯಾರಿಗೆ ಮೊದಲು ಕೊಟ್ಟರೆಂದು ಯಾರೂ ಗಮನಿಸಲಿಲ್ಲ. ಹೊಂಡದಲ್ಲಿ ನಿಂತ ಕಮಲಾಕರನಿಗೆ ಕೊಡುವುದನ್ನು ಮರೆತಿದ್ದರು, ಆದರೂ ಅವನ ಕಣ್ಣು ತುಂಬಿ ಬಂತು. ಆಯಿತು, ಈ ಜನ್ಮದಲ್ಲಿ ತನ್ನಿಂದ ಒಂದು ಒಳ್ಳೆಯ ಕೆಲಸ ಆಯಿತು ಎಂದುಕೊಂಡ.

ನಾಲ್ಕೂವರೆಗೆ ಕೃಷ್ಣರಾಜರು ಬಂದರು. ಸುಬ್ರಾಯರು ಎದ್ದು ನಿಂತು ಎಲ್ಲರ ಪರವಾಗಿ ಹೇಳಿದರು: “ಒಬ್ಬರಲ್ಲ, ಏಳೂ ಜನ ಒಪ್ಪಿದ್ದೇವೆ. ನಿಮ್ಮ ಕಾಗದ ಕೊಡಿ, ಸಹಿ ಹಾಕುವ. ಆದರೆ ಒಂದು ಮಾತು. ಇದನ್ನು ನಮಗೆ ಹೊರಗಿನವರು ಹೇಳಿಕೊಟ್ಟರೆ ಆಗ್ಲಿಕ್ಕಿಲ್ಲ. ನನ್ನ ಹೋಟೆಲಿನ ಹುಳುಕು ರಾಮದಾಸನಿಗೆ ಗೊತ್ತುಂಟು, ಅವನದ್ದು ನನಗೆ. ಪ್ರತಿ ಬುಧವಾರ ಸೇರಿ ನಾವು ನಾವೇ ಮಾಡಿಕೊಳ್ತೇವೆ.”

“ನಾನು ಹೇಳ್ತಿದ್ದದ್ದೂ ಅದೇ!” ಕೃಷ್ಣರಾಜರು ಸಂತೋಷದಿಂದ ಕೈ ತಿಕ್ಕಿಕೊಂಡರು. ನಂತರ ಮೇಜಿನ ಆಚೆಗೆ ಬಗ್ಗಿ ಕಮಲಾಕರನ ಕೈ ಕುಲುಕಿದರು. “ಕಂಗ್ರಾಚುಲೇಷನ್ಸ್. ಖಾಯಂ.”

ಆಗ ವಿಷ್ಣುಮೂರ್ತಿಯ ಜೇಬಿನಿಂದ ಇನ್ನೊಂದು ಉಪಾಯ ಹೊರಬಿತ್ತು. “ಹೋಟೆಲಿಗೆಲ್ಲ ನಕ್ಷೆ ಆಯಿತು. ನಮ್ಮ ಈ ಕೂಟಕ್ಕೆ ನಕ್ಷೆ ಬೇಡವಾ? ಕೂಟವೂ ಒಂದು ಸಂಸ್ಥೆಯೇ ಅಲ್ವಾ?”

ಎಲ್ಲರಿಗೂ ಇದು ಬಹಳ ಸರಿಯೆನಿಸಿತು. ಹೊಸ ಹಾಳೆ ತಂದರು. ಮೇಲಿನ ಚೌಕದಲ್ಲಿ ಯಾರ ಹೆಸರು ಎಂಬ ಮಾತು ಬರುತ್ತಲೂ ಒಮ್ಮೆ ಕುರ್ಚಿಗಳು ಕಿರುಗುಟ್ಟಿದವು. ಆದರೆ ಈಗ ಅವರು ಮಧ್ಯಾಹ್ನದ ಮನುಷ್ಯರಾಗಿರಲಿಲ್ಲ. “ಯಾರೂ ಮೇಲೆ ಬೇಡ, ಯಾರೂ ಕೆಳಗೆ ಬೇಡ,” ಎಂದರು ಸುಬ್ರಾಯರು. ಸ್ಕೇಲು ಇಟ್ಟು, ಕೂದಲೆಳೆಯಷ್ಟೂ ಏರುಪೇರಾಗದಂತೆ, ಒಂದೇ ಸಾಲಿನಲ್ಲಿ ಏಳು ಚೌಕ ಎಳೆದರು. ಅದು ನೋಡಲು ಬಹಳ ಚೆನ್ನಾಗಿತ್ತು.

“ಹಾಗಾದರೆ ಕೆಲಸ ಮಾಡುವವರು ಯಾರು?” ಎಂದರು ರಾಮದಾಸರು ಮೆತ್ತಗೆ.

ಏಳು ಜನವೂ ಹೊಂಡದ ಕಡೆಗೆ ನೋಡಿದರು.

ಏಳು ಚೌಕಗಳ ಕೆಳಗೆ, ನಟ್ಟ ನಡುವೆ, ಎಂಟನೆಯ ಚೌಕವೊಂದು ಮೂಡಿತು. ರಾಮದಾಸರು ದುಂಡಗಿನ ಅಕ್ಷರದಲ್ಲಿ ‘ಕಮಲಾಕರ’ ಎಂದು ಬರೆದರು. ಆಮೇಲೆ ಒಬ್ಬೊಬ್ಬರೂ ಪೆನ್ಸಿಲ್ ತೆಗೆದುಕೊಂಡು, ತಮ್ಮ ತಮ್ಮ ಚೌಕದಿಂದ ಆ ಚೌಕಕ್ಕೆ, ದೇವರಿಗೆ ಹೂವು ಏರಿಸುವ ಶ್ರದ್ಧೆಯಿಂದ, ಒಂದೊಂದು ಗೆರೆ ಎಳೆದರು.

“ರಾಯರೆ,” ಕಮಲಾಕರನ ದನಿ ಬಾವಿಯ ತಳದಿಂದ ಬಂದಂತಿತ್ತು, “ಒಂದು ಚೌಕಕ್ಕೆ ಒಂದೇ ಗೆರೆ ಅಲ್ಲವಾ? ಭಟ್ಟರು ಈಗ ತಾನೇ ಹೇಳಿದರಲ್ಲ? ಮೂರಕ್ಕೇ ಒಲೆ ಆರಿತು.”

“ಅದು ಹೋಟೆಲಿಗೆ ಮಾರಾಯಾ,” ಎಂದರು ಸುಬ್ರಾಯರು, ಮಗುವಿಗೆ ತಿಳಿಹೇಳುವ ಪ್ರೀತಿಯಿಂದ. “ನಿನ್ನಲ್ಲಿ ಒಲೆ ಎಲ್ಲಿ ಉಂಟು?”

ಕಮಲಾಕರ ಕೃಷ್ಣರಾಜರ ಕಡೆ ಆಸೆಯಿಂದ ನೋಡಿದ. ಅವರು ಏಳು ಸಹಿಗಳ ಕಾಗದವನ್ನು ಮಡಚಿ ಒಳಜೇಬಿಗೆ ಸೇರಿಸುತ್ತಿದ್ದರು. “ಬಹಳ ಮೌಲಿಕವಾದ ವಿನ್ಯಾಸ,” ಎಂದರು. “ಇಂಗ್ಲೆಂಡಿನಲ್ಲೂ ಇಂಥದ್ದು ನೋಡಿಲ್ಲ. ಕಮಲಾಕರ್, ನಾಳೆಯಿಂದ ನೀವು ಇವರ ಜೊತೆಗೇ.”

“ಸಾರ್, ರಜೆ ಬೇಕಾದರೆ ಯಾರನ್ನು ಕೇಳಬೇಕು?”

ಇದನ್ನು ಯಜಮಾನರು ಗಂಭೀರವಾಗಿ ಚರ್ಚಿಸಿದರು. ಒಬ್ಬರೇ ರಜೆ ಕೊಟ್ಟರೆ ಉಳಿದ ಆರು ಜನರಿಗೆ ಅವಮಾನ. ಏಳೂ ಜನ ಕೊಟ್ಟರೆ ರಜೆ ಎಂದು ತೀರ್ಮಾನವಾಯಿತು.

ಅವನು ಮೇಜಿನ ಕೆಳಗಿನಿಂದ ತೂರಿ ಹೊರಬಂದು, ಟೈ ಸಡಿಲಿಸಿಕೊಂಡು ಮೆಟ್ಟಿಲಿಳಿದ. ಅಡಿಗೆಮನೆಯ ಬಾಗಿಲಲ್ಲಿ ಹರಿಹರ ಭಟ್ಟರು ಸಿಕ್ಕಿದರು. ಮುಖದಲ್ಲಿ ಎಂದೂ ಇಲ್ಲದ ನೆಮ್ಮದಿ.

“ನಿಮ್ಮಿಂದ ಉಪಕಾರ ಆಯಿತು ನೋಡಿ. ನನಗಿನ್ನು ಒಬ್ಬರೇ ಯಜಮಾನರು. ನಿಮ್ಮ ಕೆಲಸ ಎಂತ ಆಯಿತು?”

“ಖಾಯಂ ಆಯಿತು ಭಟ್ಟರೆ.”

“ಸಂತೋಷ. ನಿಮಗೆ ಎಷ್ಟು ಜನ?”

“ಏಳು.”

ಭಟ್ಟರು ಅವನನ್ನು ಸ್ವಲ್ಪ ಹೊತ್ತು ದಿಟ್ಟಿಸಿ ನೋಡಿದರು. ಒಳಗೆ ಹೋಗಿ, ನೊರೆ ತುಂಬಿದ ದೊಡ್ಡ ಲೋಟದಲ್ಲಿ ಕಾಫಿ ತಂದು ಅವನ ಕೈಗಿತ್ತು, ಹೆಗಲು ತಟ್ಟಿದರು.

ಅವನು ಲೋಟವನ್ನು ತುಟಿಗೆ ತಂದಿದ್ದನಷ್ಟೆ. ಮಹಡಿಯಿಂದ “ಕಮಲಾಕರಾ!” ಎಂದು ಸುಬ್ರಾಯರ ಕೂಗು ಬಂತು. ಬೆನ್ನಿಗೇ ರಾಮದಾಸರದು. ಆಮೇಲೆ ವಿಷ್ಣುಮೂರ್ತಿಯದು. ಒಂದರ ಮೇಲೊಂದು ಏಳು ದನಿಗಳೂ ಬಂದವು. ಯಾರಿಗೆ ಮೊದಲು ಓಗೊಟ್ಟರೆ ಉಳಿದವರು ಮುನಿಯುತ್ತಾರೋ ತಿಳಿಯದೆ ಅವನು ಲೋಟ ಹಿಡಿದೇ ಅರ್ಧ ಮೆಟ್ಟಿಲು ಹತ್ತಿ, ಒಂದು ಕಾಲು ಮೇಲೆ ಒಂದು ಕಾಲು ಕೆಳಗೆ ಇಟ್ಟು ನಿಂತ. ಅಷ್ಟರಲ್ಲಿ ಬೀದಿಯಿಂದ ಮೋಟಾರಿನ ಹಾರ್ನ್ ಎರಡು ಸಲ ಕೇಳಿಸಿತು.

“ಕಮಲಾಕರ್, ಬೇಗ ಬನ್ನಿ! ಕಚೇರಿ ಕೆಲಸ ಎಲ್ಲ ಹಾಗೇ ಬಿದ್ದಿದೆ,” ಎಂದು, ಆಗಲೇ ಕೆಳಗಿಳಿದಿದ್ದ ಕೃಷ್ಣರಾಜರು ಕಾರಿನಿಂದ ತಲೆ ಹೊರಗೆ ಹಾಕಿ ಕರೆಯುತ್ತಿದ್ದರು.